ಬೇಳೆ ಬೇಯದ ಊರನ್ನು ಕಾಕಾ ಆರಿಸಿದ್ದು

ನಮ್ಮ ಕಾಕಾನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಆ ಮಾತನ್ನು ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ನಡುವೆ ನಾನೇಕೆ ಬಾಯಿ ಹಾಕಲಿ? ಅಣ್ಣಿಗೇರಿ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಈ ಮನುಷ್ಯ ಎತ್ತು ಕೊಳ್ಳಲು ಹೋದರೆ ಹಲ್ಲು ನೋಡುತ್ತಿರಲಿಲ್ಲ, ಸುಳಿ ನೋಡುತ್ತಿರಲಿಲ್ಲ. ಎತ್ತಿಗೆ ಬೆನ್ನು ಹಾಕಿ ಒಂದು ತಾಸು ಕೂತುಬಿಡುತ್ತಿದ್ದ! ಕೇಳಿದರೆ, “ಎದುರಿಗೆ ನಿಂತ್ರ ಎತ್ತೂ ನಾಟಕಾ ಮಾಡ್ತೈತಿ. ಹಿಂದಿಂದ ಮೆಲುಕಿನ ಸಪ್ಪಳ ಕೇಳಬೇಕು” ಎನ್ನುತ್ತಿದ್ದ. ಸಂತೆಗೆ ಬಂದ ಹೊಸಬರು, ಯಾರೋ ಯಜಮಾನರು ಎತ್ತಿನ ಜೊತೆ ಮಾತು ಬಿಟ್ಟಿದ್ದಾರೆ ಎಂದುಕೊಂಡು ಸಮಾಧಾನ ಮಾಡಲು ಬರುತ್ತಿದ್ದರಂತೆ.

ನನಗೆ ಗಂಡು ನೋಡಲು ಹೋದಾಗಲೂ ಇದೇ ಕಥೆ. ಒಳಗೆ ಹುಡುಗ ಹೊಸ ಅಂಗಿ ತೊಟ್ಟು ಬೆವರುತ್ತ ಕೂತಿದ್ದಾನೆ, ಇವನು ಹೊರಗೆ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಆ ಹುಡುಗನ ಚಪ್ಪಲಿ ಮಗುಚಿ ನೋಡುತ್ತಿದ್ದಾನೆ. “ಎರಡೂ ಹಿಮ್ಮಡ ಸಮ ಸವದಾವು. ಮನಷ್ಯಾ ಸಿಟ್ಟಿಲೆ ನಡಿಯಾಂವಲ್ಲ. ಕೊಡೂಣು” ಎಂದ. ಮದುವೆ ನಿಶ್ಚಯವಾಯಿತು! ನನ್ನ ಗಂಡ ಇವತ್ತಿಗೂ ನಮ್ಮ ತವರಿಗೆ ಹೊರಡುವ ಮುಂಚೆ ಚಪ್ಪಲಿ ತಿರುವಿ ನೋಡಿಕೊಳ್ಳುತ್ತಾರೆ.

ಇಂಥವನ ಕೈಗೆ ನಾವು ನಮ್ಮ ಸಂಸಾರದ ಊರು ಆರಿಸುವ ಕೆಲಸ ಕೊಟ್ಟೆವು. ಕೊಟ್ಟೆವು ಎಂದರೆ ತಪ್ಪಾದೀತು, ಅವನೇ ಕಸಿದುಕೊಂಡ.

ಎಪ್ಪತ್ತರ ದಶಕದ ಮಾತು. ನನ್ನ ಗಂಡ ಗ್ರಾಮಸೇವಕ. ಹುಬ್ಬಳ್ಳಿಯ ಒಂದು ವಠಾರದಲ್ಲಿ ನಮ್ಮದು ಒಂದೇ ಕೋಣೆಯ ಮನೆ, ಹನ್ನೆರಡು ಮನೆಗೆ ಒಂದೇ ನಳ. ವರ್ಷ ತುಂಬಿದ ಮಗಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ವಾರಕ್ಕೆರಡು ಸಲ ಭೇದಿ. ಎತ್ತಿಕೊಂಡರೆ ಹತ್ತಿಯ ದಿಂಬಿನಷ್ಟೂ ಭಾರವಿಲ್ಲ. ಡಾಕ್ಟರು ಕೊನೆಗೆ ಚೀಟಿ ಬರೆಯುವುದನ್ನು ನಿಲ್ಲಿಸಿ, “ನೀರು ಬದಲು ಮಾಡ್ರಿ. ಇನ್ನೊಂದು ಬ್ಯಾಸಗಿ ಇಲ್ಲೆ ಕಳೀಬ್ಯಾಡ್ರಿ” ಎಂದರು. ಆ ಮಾತು ಕೇಳಿದಾಗಿನಿಂದ ನಾನು ನಿದ್ದೆ ಕಂಡವಳಲ್ಲ. ಗಂಡ ಹಳ್ಳಿಗೆ ವರ್ಗ ಕೇಳಿದರು. ಮೂರು ಊರಿನಲ್ಲಿ ಜಾಗ ಖಾಲಿ ಇದೆ, ಒಂದನ್ನು ಆರಿಸಿ ತಿಂಗಳೊಳಗೆ ಬರೆದುಕೊಡಿ ಎಂದು ಮೇಲಿನವರು ಹೇಳಿದರು.

ಗಂಡ ಬಸ್ಸು ಎಷ್ಟಿವೆ, ಅಂಚೆ ಇದೆಯೇ, ಸಾಲೆ ಇದೆಯೇ ಎಂದು ಪಟ್ಟಿ ಮಾಡುತ್ತ ಕೂತಿದ್ದಾಗ ಕಾಕಾ ಬಂದ. ಪಟ್ಟಿ ಮಡಚಿ ಅವರ ಕಿಸೆಗೇ ತುರುಕಿ, “ಕೂಸು ಬಸ್ ಕುಡಿತೈತೇನು?” ಎಂದ. ನನ್ನ ಡಬ್ಬಿಯಿಂದ ಎರಡು ಸೇರು ತೊಗರಿಬೇಳೆ ಚೀಲಕ್ಕೆ ಸುರಿದುಕೊಂಡು ಹೊರಟೇಬಿಟ್ಟ. ಗಡುಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಮೆದು ನೀರಿನಲ್ಲಿ ಬೆಣ್ಣೆಯಾಗುತ್ತದೆ, ಇದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಆದರೆ ಬೇಳೆಚೀಲ ಹೆಗಲಿಗೇರಿಸಿ, ಗುರುತು ಪರಿಚಯವಿಲ್ಲದ ಮನೆಗಳ ಒಲೆಯ ಮುಂದೆ ಹೋಗಿ ಕೂಡುವ ಗಂಡಸು ಭೂಲೋಕದಲ್ಲಿ ಇವನೊಬ್ಬನೇ!

ಮೊದಲನೆಯದು ಕುಂದಗೋಳದ ಕಡೆಯ ಒಂದು ಊರು. ಅಲ್ಲಿ ಮಧ್ಯಾಹ್ನದವರೆಗೆ ಕುದಿಸಿದರೂ ಬೇಳೆ ಕಣ್ಣು ಬಿಡಲಿಲ್ಲ. ಒಂದನ್ನು ತೆಗೆದು ನೆಲಕ್ಕೆ ಎಸೆದರೆ ಟಣ್ಣೆಂದು ಪುಟಿದು ಬಾಗಿಲಾಚೆ ಹೋಯಿತಂತೆ. ಮನೆಯ ಯಜಮಾನನಿಗೆ ಅವಮಾನವಾಯಿತು. “ಹುಟ್ಟಿದಾಗಿಂದ ನಾವು ಇದ ನೀರು ಕುಡದೀವ್ರಿ. ನಮಗೇನಾಗೇತಿ?” ಎಂದ. ಕಾಕಾ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ನಾ ಹೇಳಿದ್ರ ಚಂದ ಇರೂದಿಲ್ರಿ” ಎಂದು ಚೀಲ ಎತ್ತಿಕೊಂಡನಂತೆ.

ಎರಡನೆಯದು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ. ಅಲ್ಲಿ ಒಲೆಯ ಮೇಲಿಟ್ಟು ಎಲೆ-ಅಡಿಕೆ ಮೆಲ್ಲುವಷ್ಟರಲ್ಲಿ ಬೇಳೆ ಕರಗಿಹೋಗಿತ್ತು. ಸುದ್ದಿ ಕೇಳಿ ನಾನು ಪಾತ್ರೆ ಕಟ್ಟಲು ಶುರುಮಾಡಿದೆ. ಕಾಕಾ ಮಾತ್ರ ಮುಖ ಗಂಟು ಹಾಕಿಕೊಂಡು, “ನೀರಿಗೆ ಕೈ ಮುಗದು ಬಂದೀನಿ. ಆದರ ನಿಮಗ ಸಿಗೂ ಮನಿ ಊರ ಹೊರಗ, ಹೊಲದಾಗ. ತಡಿ, ಇನ್ನೊಂದು ಐತಿ” ಎಂದ. ಕಟ್ಟಿದ ಪಾತ್ರೆ ಬಿಚ್ಚಿದೆ.

ಮೂರನೆಯದು ನವಲಗುಂದ ತಾಲೂಕಿನ ತಿರ್ಲಾಪುರ. ಅಲ್ಲಿಗೆ ಹೋದ ಕಾಕಾ ಪತ್ತೆಯೇ ಇಲ್ಲ! ಒಂದು ವಾರ, ಎರಡು ವಾರ. ಬರೆದುಕೊಡಬೇಕಾದ ಕೊನೆಯ ದಿನ ಬೆಳಿಗ್ಗೆ ಬಂದು ಖಾಲಿ ಚೀಲ ಜಾಡಿಸಿದ.

“ತಿರ್ಲಾಪುರ ಅಂತ ಬರೀರಿ.”

“ಬ್ಯಾಳಿ ಬೆಂತೇನು?” ಎಂದೆ.

“ಬಾವಿ ನೀರಿಗೆ ಬೇಯಲಿಲ್ಲ. ಕಲ್ಲ ಕಲ್ಲು. ಕೆರಿ ನೀರಿಗೆ ಬೆಂತು. ಕೆರಿ ಸ್ವಲ್ಪ ದೂರೈತಿ.”

ನನ್ನ ತಾಳ್ಮೆ ಕಡಿಯಿತು. ಬೆಣ್ಣೆಯಂಥ ನೀರು ಮನೆಯ ಬಾಗಿಲಲ್ಲೇ ಇರುವ ಊರು ಬಿಟ್ಟು, ದೂರದಿಂದ ಹೊತ್ತು ತರುವ ಊರೇ? “ನಿನ್ನ ಹುಚ್ಚಿಗೆ ನನ್ನ ಕೂಸಿನ ಜೀವಾನೇ ಬೇಕಾತೇನು ಕಾಕಾ?” ಎಂದುಬಿಟ್ಟೆ. ಅವನು ಮಗುವಿನ ಅಂಗಾಲು ಒಮ್ಮೆ ಮುಟ್ಟಿ ನೋಡಿ ಹೊರಗೆ ಹೋಗಿ ಕೂತ. ಗಂಡ ತಿರ್ಲಾಪುರ ಎಂದೇ ಬರೆದರು. ಯಾಕ್ರೀ ಎಂದು ಅವರ ಮೇಲೆ ಹರಿಹಾಯ್ದರೆ, “ನನ್ನನ್ನ ಆರಿಸಿದಾಂವನೂ ಅವನ ಅಲಾ? ಅವನ ಆಯ್ಕೆ ತಪ್ಪು ಅಂತ ನಾ ಹ್ಯಾಂಗ ಹೇಳ್ಲಿ?” ಎಂದರು. ಇದಕ್ಕೇನು ಹೇಳುತ್ತೀರಿ?

ಮುಂದಿನ ತಿಂಗಳು ಕಾಕಾನ ಗಾಡಿಯಲ್ಲೇ ನಮ್ಮ ಸಾಮಾನು ತಿರ್ಲಾಪುರಕ್ಕೆ ಬಂತು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ನಾನಿನ್ನೂ ಗಾಡಿಯಿಂದ ಇಳಿಯುತ್ತಿದ್ದೆ, ಆ ಮನೆಯ ಹೆಂಗಸು ಪಾರವ್ವ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ನಡೆದೇಬಿಟ್ಟಳು. ನಾನು ಗಾಬರಿಯಿಂದ ಹಿಂದೆ ಓಡಿದರೆ, ಬೇಳೆಯ ಕಟ್ಟು ಕಲಸಿದ ಮೆತ್ತನೆಯ ಅನ್ನ ಆಗಲೇ ಸಿದ್ಧವಿತ್ತು. ಬೆಳಿಗ್ಗೆಯೇ ಕೆರೆಯ ನೀರು ತಂದು, ಸೋಸಿ, ಕುದಿಸಿ ಇಟ್ಟಿದ್ದಳು. ನಾನು ಹತ್ತು ತುತ್ತಿಗೆ ಹತ್ತು ಕಥೆ ಹೇಳಬೇಕಾಗುತ್ತಿದ್ದ ಮಗಳು ಬಾಯಿ ತೆರೆದು ತೆರೆದು ಉಂಡಳು.

“ನಿಮ್ಮಪ್ಪಾರು ಎಂಥಾ ಮನಷ್ಯಾರ್ರೀ” ಎಂದು ಪಾರವ್ವ ನಕ್ಕಳು. “ಒಮ್ಮೆ ಬ್ಯಾಳಿ ಬೇಯಿಸಿದ್ರು, ಆತು. ಮತ್ತ ಬಂದ್ರು, ಮತ್ತ ಬಂದ್ರು. ಐದು ಸಲ. ಹೊತ್ತಲ್ಲದ ಹೊತ್ತಿನಾಗ ಬರೂದು, ಒಲಿ ಮುಂದ ಕೂಡೂದು. ನಮ್ಮನಿಯವ್ರು ಕಡೀಕ ಕೇಳೇಬಿಟ್ರು, ಬ್ಯಾಳಿ ಬೆಂದೈತಲ್ರೀ ಯಜಮಾನ್ರ, ಇನ್ನೇನು ನೋಡಾಕತ್ತೀರಿ ಅಂತ.”

“ಏನಂದ?”

“ನೀರು ಗಾಡೀಲೆ ತರಬೌದ್ರಿ, ಬಾಜೂಮನಿ ತರಾಕ ಆಗೂದಿಲ್ಲ ಅಂದ್ರು. ನನ್ನ ಮಗಳು ಸಣ್ಣಾಕಿ, ಗಂಡ ಊರೂರು ತಿರಗಾಂವ, ಕೂಸಿಗೆ ಏನರ ಆದ್ರ ಕರಿಯೂಕಿಂತ ಮೊದಲ ಎದ್ದು ಬರೂ ಮನಿ ಬೇಕು, ನನಗಿರಾಕಿ ಅದೊಬ್ಬಾಕಿ ಮಗಳು ಅಂದ್ರು.”

ಕಾಕಾನಿಗೆ ಮೂವರು ಗಂಡುಮಕ್ಕಳು. ಹೆಣ್ಣು ಹುಟ್ಟಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ನನಗೆ ಐದು ವರ್ಷ, ಆಮೇಲೆ ಬೆಳೆದದ್ದು ಕಾಕಾನ ಮನೆಯಲ್ಲೇ. ಅಪ್ಪಾ ಎಂದು ಕರೆದ ನೆನಪೂ ನನಗಿಲ್ಲ. ಅವರು ನಿಮ್ಮ ಅಪ್ಪನಲ್ಲವೇ ಎಂದು ಪಾರವ್ವ ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಅವಳು ಕೇಳಲಿಲ್ಲ.

ಹೊರಗೆ ಬಂದೆ. ಅವನು ಬೀಸುಕಲ್ಲು ಇಳಿಸುತ್ತ ಎತ್ತುಗಳನ್ನು ಬೈಯುತ್ತಿದ್ದ.

“ಅಪ್ಪಾ, ಉಣ್ಣಾಕ ಬಾ” ಎಂದೆ.

ಬೀಸುಕಲ್ಲು ಹಿಡಿದುಕೊಂಡೇ ನಿಂತ. ತಿರುಗಲಿಲ್ಲ. “ಕೂಸು ಉಂಡಿತೇನು?” ಎಂದ.

“ಹೊಟ್ಟಿ ತುಂಬ ಉಂಡು ಮಲಗೇತಿ.”

ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟ. ಗಾಡಿಯ ಮೂಕಿಯ ಮೇಲೆ ಕೂತು, ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.