ಸ್ಕ್ಯಾಟರ್ ಪಾಠಕ್ಕೊಂದು ಬಟ್ಟಲು ಸಜ್ಜೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಕ್ರಿಯಾಪದವನ್ನು ಪಾಠ ಮಾಡಬೇಕೋ ಅದನ್ನು ಮೊದಲು ನಾನೇ ಮಾಡಿ ನೋಡದಿದ್ದರೆ ಸಮಾಧಾನವಿಲ್ಲ. ತಮಿಳು ಸೀಮೆಯ ಶರವಣಂಪಟ್ಟಿಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದು ನನ್ನ ಹೊಟ್ಟೆಪಾಡು. ಒಮ್ಮೆ, ಎಡವುವುದಕ್ಕೆ ಇಂಗ್ಲಿಷಿನಲ್ಲಿ ಏನೇನು ಅನ್ನುತ್ತಾರೆಂದು ತೋರಿಸಲು ಹೋಗಿ ವೇದಿಕೆಯಿಂದ ಕೆಳಗೆ ಬಿದ್ದು ಮೂರು ದಿನ ಕುಂಟಿದೆ. ಆ ಪದಗಳನ್ನು ಹುಡುಗರು ಇನ್ನೂ ಮರೆತಿಲ್ಲ, ನನ್ನ ಮಂಡಿಯೂ ಮರೆತಿಲ್ಲ. ಅಷ್ಟಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಈ ಸಲ ಬಂದ ಪದ 'ಸ್ಕ್ಯಾಟರ್'. ಅದರ ಸಮಾನಾರ್ಥಕ ಪದಗಳು, ದಿನಬಳಕೆಯ ಉದಾಹರಣೆಗಳು. ಸೋಮವಾರ ವಿಭಾಗದ ಮುಖ್ಯಸ್ಥರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆಂದು ತಿಳಿಸಿದ್ದರು. ನಾನು ದಾವಣಗೆರೆಯವನು. ಮಂಡಕ್ಕಿಯ ಮೇಲೆ ಈರುಳ್ಳಿ ಉದುರಿಸುವುದು ಬೇರೆ, ನಿಂಬೆರಸ ಚಿಮುಕಿಸುವುದು ಬೇರೆ, ಸಿಟ್ಟಿಗೆದ್ದು ತಟ್ಟೆಯನ್ನೇ ಚೆಲ್ಲುವುದು ಬೇರೆ ಎಂದು ಬಲ್ಲವನು. ನಮ್ಮಲ್ಲಿ ಹೊಲಕ್ಕೆ ಗೊಬ್ಬರ ಎರಚುತ್ತೇವೆ, ಕಣದಲ್ಲಿ ಕಾಳು ತೂರುತ್ತೇವೆ, ಪೊಲೀಸರು ಬಂದರೆ ಗುಂಪು ಚದುರುತ್ತದೆ. ಇಂಗ್ಲಿಷಿನಲ್ಲೂ ಸ್ಪ್ರಿಂಕಲ್, ಸ್ಟ್ರೂ, ಡಿಸ್ಪರ್ಸ್ ಎಂದು ಒಂದೊಂದಕ್ಕೂ ಬೇರೆ ಕೈಚಳಕ ಇರಲೇಬೇಕು. ಅದನ್ನು ಕೈಯಿಂದಲೇ ತಿಳಿಯಬೇಕೆಂದು ಹಟ ಹಿಡಿದೆ.

ಆ ಭಾನುವಾರ ನಾನಿದ್ದದ್ದು ಧಾರಾಪುರಂ ದಾಟಿ ಸಿಗುವ ಒಂದು ಊರಿನಲ್ಲಿ, ಹೆಂಡತಿ ಗೋಮತಿಯ ತವರಿನಲ್ಲಿ. ಅವರದು ತಲೆತಲಾಂತರದಿಂದ ಅಲ್ಲೇ ನೆಲೆಸಿದ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾವನವರು ಅಂದು ಬೆಳಗ್ಗೆ ಬೀದಿಯುದ್ದಕ್ಕೂ ಪಾವು ಹಾಸಿದ್ದರು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಮುನ್ನ ಉದ್ದಕ್ಕೆ ಎಳೆದು ಕಟ್ಟಿದ ಹಾಸು ನೂಲು. ಸೊಂಟದೆತ್ತರಕ್ಕೆ ಬಿದಿರಿನ ಕತ್ತರಿಗಾಲುಗಳ ಮೇಲೆ ಸಾವಿರಾರು ಎಳೆಗಳು ಮಲಗಿರುತ್ತವೆ. ಅವಕ್ಕೆ ಗಂಜಿ ಹಚ್ಚಿ, ಬಿಸಿಲು ಏರುವುದರೊಳಗೆ ದೊಡ್ಡ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಒಣಗಿಸಬೇಕು. ನಡುವೆ ಕೈ ನಿಂತರೆ ಎಳೆಗೆ ಎಳೆ ಅಂಟಿಕೊಂಡು ಪಾವು ಹಗ್ಗವಾಗುತ್ತದೆ. ನಾದಿನಿಯ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಉಳಿದಿತ್ತು. ಬೀಗರ ಮನೆಯ ಹೆಂಗಸರಿಗೆ ಅಂಗಡಿಯ ಸೀರೆಯಲ್ಲ, ತಮ್ಮ ಮಗ್ಗದ ಸೀರೆಯೇ ಎಂದು ಮಾವ ಮಾತು ಕೊಟ್ಟಿದ್ದರು. ಇನ್ನೊಂದು ಪಾವು ಹೂಡುವಷ್ಟು ದಿನಗಳು ಉಳಿದಿರಲಿಲ್ಲ.

ಬೀದಿಯವರೆಲ್ಲ ಆಚೀಚೆ ನಿಂತು ಉಜ್ಜುತ್ತಿದ್ದರು. ನನಗೆ ಕೆಲಸವಿಲ್ಲ. ಅಳಿಯನಿಗೆ ಕೆಲಸ ಹೇಳುವುದು ಆ ಮನೆಯಲ್ಲಿ ಮರ್ಯಾದೆಗೇಡು, ಅಳಿಯನನ್ನು ಗದರುವುದಂತೂ ಕನಸಿನಲ್ಲೂ ಇಲ್ಲ. "ನೀವು ನೆಳಲಲ್ಲಿ ಕೂತ್ಕೊಳಿ ಮಾಪ್ಳೆ" ಎಂದು ಮಾವ ಕುರ್ಚಿ ಹಾಕಿಸಿದ್ದರು. ಕೂತವನು ಸುಮ್ಮನೆ ಕೂರಬಾರದೇ? ಅಡುಗೆಮನೆಯಿಂದ ಒಂದು ಬಟ್ಟಲು ಸಜ್ಜೆ ತಂದೆ. ಮೊದಲು ಚಿಟಿಕೆಯಲ್ಲಿ ಉದುರಿಸಿದೆ, ಅದು ಸ್ಪ್ರಿಂಕಲ್. ಆಮೇಲೆ ನಡೆಯುತ್ತ ನಡೆಯುತ್ತ ಸಾಲಾಗಿ ಚೆಲ್ಲಿದೆ, ಅದು ಸ್ಟ್ರೂ. ಕೊನೆಗೆ ಮುಷ್ಟಿ ತುಂಬಿಕೊಂಡು ಭುಜದಿಂದ ಬೀಸಿ ಎರಚಿದೆ. ಕಾಳು ಬೀದಿಯ ತುಂಬ, ಪಾವಿನ ಅಡಿಯಲ್ಲೆಲ್ಲ ಹಾರಿತು. ಇದಪ್ಪ ಸ್ಕ್ಯಾಟರ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪಕ್ಕದ ಮನೆಯ ಆಡು ಎಲ್ಲಿತ್ತೋ ಏನೋ. ಕಾಳು ಹೆಕ್ಕುತ್ತ ಹೆಕ್ಕುತ್ತ ತಲೆ ಬಗ್ಗಿಸಿಕೊಂಡೇ ಪಾವಿನ ಕೆಳಗೆ ಬಂತು. ಸರಿಯಾಗಿ ನಡುಮಧ್ಯಕ್ಕೆ ಬಂದು, ಮೆಲುಕು ಹಾಕಲೆಂದೋ ಆಕಾಶ ನೋಡಲೆಂದೋ, ತಲೆ ಎತ್ತಿತು. ಎರಡು ಕೊಂಬುಗಳೂ ಒದ್ದೆ ಎಳೆಗಳ ನಡುವೆ ಮೇಲಕ್ಕೆ ಬಂದವು.

ಬೀದಿಯ ಬ್ರಷ್ಷುಗಳೆಲ್ಲ ನಿಂತವು. ಆಡು ಒಮ್ಮೆ ಬೆದರಿ ಓಡಿದರೆ ಇಡೀ ಪಾವು ಅದರ ಕೊರಳಿಗೆ. ಯಾರೂ ಕೂಗಲಿಲ್ಲ, ಯಾರೂ ಅಲುಗಲಿಲ್ಲ. ಓಡಿಸಲೆಂದು ನಾನು ಟವೆಲ್ ಎತ್ತಿದ್ದೆ. ಗೋಮತಿ ನನ್ನ ಕೈ ಹಿಡಿದು, "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ಮಾಡ್ಬೇಡಿ" ಎಂದಳು.

ಮಾವ ಉಸಿರಿನಷ್ಟೇ ದನಿಯಲ್ಲಿ ಹೇಳಿದರು: "ಮೆದುವಾ... ಅದು ತಾನಾಗೇ ತಲೆ ಬಗ್ಗಿಸ್ಬೇಕು. ಅದರ ಮೂತಿ ಕೆಳಗೆ ಒಂದ್ ಹಿಡಿ ಕಂಬು ಇಡಿ." ಕಂಬು ಎಂದರೆ ಅದೇ ಸಜ್ಜೆ. ಬಟ್ಟಲು ನೋಡಿದೆ, ಖಾಲಿ. ಮನೆಯಲ್ಲಿ ಇದ್ದದ್ದೇ ಅಷ್ಟು ಎಂದು ಅತ್ತೆ ಕಣ್ಣಿನಲ್ಲೇ ಹೇಳಿದರು. ಬೀದಿ ತುಂಬ ಸಜ್ಜೆ ಬಿದ್ದಿತ್ತು, ಆದರೆ ಒಂದು ಹಿಡಿ ಎಲ್ಲೂ ಇರಲಿಲ್ಲ. ಅಷ್ಟು ಚೆನ್ನಾಗಿ ಎರಚಿದ್ದೆ ನಾನು.

ಹತ್ತಿರವಿದ್ದವನು ನಾನೇ. ಬೀದಿಯ ಮಣ್ಣಿನಲ್ಲಿ ಮಂಡಿಯೂರಿ ಪಾವಿನ ಅಡಿಗೆ ತೂರಿಕೊಂಡೆ. ಬೆನ್ನಿಗೂ ನೂಲಿಗೂ ನಾಲ್ಕು ಬೆರಳಿನ ಅಂತರ. ಒಂದೊಂದೇ ಕಾಳು ಹೆಕ್ಕಿ ಅಂಗೈಗೆ ಹಾಕಿಕೊಂಡೆ. ಚದುರಿಸುವುದಕ್ಕೆ ಕ್ಷಣ ಸಾಕಾಗಿತ್ತು, ಕೂಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಕಾಣೆ. ಮೇಲಿನಿಂದ ಗಂಜಿ ಕತ್ತಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಿಸಿಲು ಬೀದಿಯ ಕೊನೆಗೆ ಬಂದಿತ್ತು. ಪಾವಿನ ಎರಡೂ ತುದಿಯವರು ಕಳ್ಳರ ಹಾಗೆ ಮತ್ತೆ ಮೆಲ್ಲಗೆ ಉಜ್ಜತೊಡಗಿದ್ದರು. ನಡುವಿನವರು ಆಡಿನ ಕಿವಿಯನ್ನೇ ನೋಡುತ್ತ ನಿಂತಿದ್ದರು. ಈ ಸೀರೆಗಳು ಹಾಳಾದರೆ ಮಾವ ಬೀಗರೆದುರು ಹೇಗೆ ತಲೆ ಎತ್ತುತ್ತಾರೆ ಎಂದು ನೆನೆದು ನಾಚಿಕೆಯಿಂದ ಅಳುವೇ ಬಂತು.

ಅರ್ಧ ಹಿಡಿಯಾಯಿತು. ಅಂಗೈಯನ್ನು ಆಡಿನ ಮೂತಿಯ ಕೆಳಗೆ ನೆಲಕ್ಕೆ ಹಿಡಿದೆ. ಅದು ಯೋಚಿಸಿತು. ಕಾಲೇಜಿನ ಯಾವ ಹುಡುಗನೂ ಅಷ್ಟು ಹೊತ್ತು ಯೋಚಿಸಿ ಉತ್ತರ ಹೇಳಿದ್ದಿಲ್ಲ. ಕೊನೆಗೆ ತಲೆ ಬಗ್ಗಿಸಿತು. ಮೇಲೆ ಮಾವನವರ ಬೆರಳುಗಳು ಎಳೆಗಳನ್ನು ಅಗಲಿಸಿ ಹಿಡಿದಿದ್ದವು. ಕೊಂಬುಗಳು ಜಾರಿ ಇಳಿದವು. ನಾನು ಅಂಗೈಯನ್ನು ಇಂಚಿಂಚೇ ಹಿಂದಕ್ಕೆ ಸರಿಸುತ್ತ, ಆಡು ಅದನ್ನು ನೆಕ್ಕುತ್ತ, ಇಬ್ಬರೂ ನಾಲ್ಕು ಕಾಲಿನಲ್ಲಿ ಹೊರಗೆ ಬಂದೆವು.

ಹನ್ನೊಂದು ಎಳೆ ಹರಿದಿತ್ತು. ಮಾವ ಒಂದೊಂದನ್ನೂ ಬೆರಳಲ್ಲಿ ಹೊಸೆದು ಸೇರಿಸಿದರು, ಬೀದಿಯವರು ಓಡೋಡಿ ಉಜ್ಜಿದರು, ಪಾವು ಉಳಿಯಿತು. "ನನ್ನದೇ ತಪ್ಪು ಮಾವ" ಎಂದೆ. "ಅಯ್ಯೋ, ನಿಮ್ದೇನು ತಪ್ಪು ಮಾಪ್ಳೆ" ಎಂದು ಅವರು ಆಡಿನ ಕಡೆ ತಿರುಗಿದರು. "ನೆಳಲಿದೆ, ತಿನ್ನೋಕಿದೆ. ಒಂದ್ ಕಡೆ ಸುಮ್ನೆ ಇರೋಕೆ ಏನ್ ಕಷ್ಟ ನಿಂಗೆ? ವಯಸ್ಸಾಯ್ತು, ಬುದ್ಧಿ ಬರಲಿಲ್ಲ." ಆ ಆಡಿಗೆ ಒಂದು ವರ್ಷವೂ ತುಂಬಿರಲಿಲ್ಲ. ನನಗೆ ಮೂವತ್ತೆಂಟು.

ಸೋಮವಾರದ ಪಾಠ ಚೆನ್ನಾಗಿಯೇ ಆಯಿತು. ಸೀರೆಗಳನ್ನು ಬೀಗಿತ್ತಿಯರು ಹೊಗಳಿದರು. ಎಲ್ಲ ಮರೆತುಹೋಯಿತೆಂದುಕೊಂಡೆ. ಅಲ್ಲಿಂದ ಮುಂದೆ ಪಾವು ಹಾಸುವುದು ಭಾನುವಾರದಿಂದ ಬುಧವಾರಕ್ಕೆ ಹೋಯಿತು. ವಾರದ ನಡುವೆ ಬಿಸಿಲು ಹದವಾಗಿರುತ್ತದೆ ಎಂದರು ಮಾವ, ನಂಬಿದೆ. ಪ್ರತಿ ಮಂಗಳವಾರ ಸಂಜೆ ಮಾವ ಫೋನ್ ಮಾಡಿ, "ನಾಳೆ ಕ್ಲಾಸ್ ಇದೆಯಲ್ಲ ಮಾಪ್ಳೆ? ಲೀವು ಗೀವು ಹಾಕ್ಬೇಡಿ" ಎನ್ನುತ್ತಿದ್ದರು. ನನ್ನ ಕೆಲಸದ ಮೇಲೆ ಅವರಿಗೆಷ್ಟು ಕಾಳಜಿ ಎಂದು ಗೋಮತಿಯ ಮುಂದೆ ಕೊಚ್ಚಿಕೊಂಡೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಮೊನ್ನೆ ಬುಧವಾರಕ್ಕೆ ಕಾಲೇಜು ಇದ್ದಕ್ಕಿದ್ದಂತೆ ರಜೆ ಕೊಟ್ಟಿತು. ಸಂತೋಷದಿಂದ ನಾನೇ ಫೋನ್ ಮಾಡಿ, ನಾಳೆ ಬೆಳಗ್ಗೆ ಬರುತ್ತೇನೆ ಎಂದೆ. ಮಾವ, "ಬನ್ನಿ ಮಾಪ್ಳೆ, ಸಂತೋಷ, ನಿಮ್ಮನೆ ಅಲ್ವಾ" ಎಂದರು. ಫೋನ್ ಆಫ್ ಮಾಡಲು ಮರೆತು ಅವರು ಅತ್ತೆಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಗಂಜಿಗೆ ನೀರು ಇಡಬೇಡ. ನಾಳೆ ಪಾವು ಇಲ್ಲ ಅಂತ ಬೀದೀಲಿ ಎಲ್ರಿಗೂ ಹೇಳ್ಬಿಡು."