ಮಿಂದಷ್ಟೂ ತಂಪು

ಕೇಶವಪ್ರಸಾದ ಮಾಷ್ಟ್ರಿಗೆ ವಿಜ್ಞಾನ ಗೊತ್ತಿಲ್ಲದೆ ಇರುತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪುಂಜಾಲಕಟ್ಟೆಯ ಉಳಿದವರ ಹಾಗೆ ಅಂಗಡಿಗೆ ಹೋಗಿ, "ಒಂದು ಎಸಿ ಕೊಡಿ" ಎಂದು ಹೇಳಿ, ತಂದು ಗೋಡೆಗೆ ಹಾಕಿಸಿ, ತಣ್ಣಗೆ ಮಲಗುತ್ತಿದ್ದರು. ಆದರೆ ಮಾಷ್ಟ್ರು ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಉಷ್ಣದ ಪಾಠ ಮಾಡಿದವರು. ಅಂಥವರು ಸೀದಾ ದಾರಿಯಲ್ಲಿ ನಡೆದರೆ ಕಲಿತ ವಿದ್ಯೆಗೆ ಅವಮಾನವಲ್ಲವೇ?

ವಿಷಯ ಇಷ್ಟು. ಮಾಷ್ಟ್ರದ್ದು ತಾರಸಿ ಮನೆ. ಎಪ್ರಿಲ್ ಬಂತೆಂದರೆ ಮಲಗುವ ಕೋಣೆ ಹಪ್ಪಳ ಒಣಗಿಸಲಿಕ್ಕೆ ಮಾತ್ರ ಲಾಯಕ್ಕು. ಹೆಂಡತಿ ಪರಮೇಶ್ವರಿ ಮೂರು ಬೇಸಿಗೆ "ಎಸಿ ಹಾಕಿಸುವ" ಎಂದು ಹೇಳಿ ನೋಡಿದಳು. ನಾಲ್ಕನೆಯ ಬೇಸಿಗೆಗೆ ರಾಗ ಬದಲಿಸಿದಳು.

"ನೋಡಿ, ಮೂಡುಬಿದಿರೆಯಲ್ಲಿ ತಂಗಿ ಮನೆಯಲ್ಲಿ ಕೋಣೆಗೊಂದು ಎಸಿ ಉಂಟು. ಬಾ ಬಾ ಅಂತ ಕರೀತಾನೇ ಇದ್ದಾಳೆ. ಈ ಸಲವೂ ನಮ್ಮ ಕೋಣೆ ತಂಪಾಗದಿದ್ರೆ ನಾನು ಅಲ್ಲಿಗೆ ಹೋಗ್ತೇನೆ. ಶಾಲೆ ಶುರುವಾಗುವಾಗ ಬರ್ತೇನೆ."

ಮಾಷ್ಟ್ರು ಅಡುಗೆಕೋಣೆಯ ಕಡೆ ನೋಡಿದರು. ಅವರಿಗೆ ಬರುವ ಅಡುಗೆ ಎಂದರೆ ಗಂಜಿ. ಅದೂ ತಳ ಹಿಡಿದ ಗಂಜಿ. ಹೊಟ್ಟೆಯ ಮಾತು ಹೋಗಲಿ, ಅದು ಹೇಗೋ ಸುಧಾರಿಸುತ್ತದೆ. ಪರಮೇಶ್ವರಿಯ ಬೈಗುಳ ಕೇಳದೆ ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ಅವಳಿಲ್ಲದ ಮನೆ ಎಂದರೆ ಮಾಷ್ಟ್ರಿಗೆ ನಿಜಕ್ಕೂ ಹೆದರಿಕೆ. ಇದನ್ನು ಅವರು ಯಾರಿಗೂ ಹೇಳಿದವರಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಹಾಗೆ ಎಸಿ ತರಲೆಂದೇ ಬಿ.ಸಿ. ರೋಡ್ ಪೇಟೆಯ ಅಂಗಡಿಗೆ ಹೋದರು. ಅಂಗಡಿಯ ಮೂಲೆಯಲ್ಲಿ ಒಂದು ದೊಡ್ಡ ಟ್ಯಾಂಕು, ಅದರ ತಲೆ ಮೇಲೊಂದು ಫ್ಯಾನಿನ ಪೆಟ್ಟಿಗೆ ನಿಂತಿತ್ತು.

"ಇದು ಹೀಟ್ ಪಂಪ್ ಸಾರ್," ಎಂದ ಅಂಗಡಿಯವ. "ಗಾಳಿಯಲ್ಲಿರುವ ಸೆಖೆಯನ್ನು ಎಳೆದು ನೀರು ಬಿಸಿ ಮಾಡ್ತದೆ."

"ಸೆಖೆ ತೆಗೆದ ಮೇಲೆ ಆ ಗಾಳಿ ಎಂತ ಆಗ್ತದೆ?"

"ತಣ್ಣಗಾಗಿ ಈ ಬದಿಯಿಂದ ಹೊರಗೆ ಬರ್ತದೆ."

ಮಾಷ್ಟ್ರ ಕಣ್ಣು ಅರಳಿತು. ಬಚ್ಚಲಿನ ಹಂಡೆಗೆ ಬೆಂಕಿ ಹಾಕಿ ಹಾಕಿ ಕಣ್ಣೆಲ್ಲ ಉರಿ ಎಂಬುದು ಪರಮೇಶ್ವರಿಯ ಇನ್ನೊಂದು ದೂರು. ಆ ತಣ್ಣನೆ ಗಾಳಿಯನ್ನು ಕೋಣೆಗೆ ತಿರುಗಿಸಿದರೆ ಕೋಣೆಯೂ ತಂಪು, ಬಚ್ಚಲಲ್ಲಿ ಬಿಸಿನೀರೂ ಉಂಟು. ಒಂದೇ ಏಟಿಗೆ ಎರಡು ಹಕ್ಕಿ! ನಾದಿನಿ ಶುಭಶ್ರೀಯ ಗಂಡ ದೇವಿಪ್ರಸಾದ ಕೋಣೆಗೊಂದು ಎಸಿ ಹಾಕಿಸಿದ್ದಾನಲ್ಲ, ಅವನ ಬಚ್ಚಲಲ್ಲಿ ಅದರಿಂದ ಒಂದು ತಂಬಿಗೆ ಬಿಸಿನೀರು ಬರುತ್ತದೆಯೇ? ಮಾಷ್ಟ್ರು ಎಸಿಯ ಕಡೆ ತಿರುಗಿಯೂ ನೋಡದೆ ಹೀಟ್ ಪಂಪ್ ಕೊಂಡರು.

ಅದನ್ನು ಕೂರಿಸುವ ದಿನ ಪರಮೇಶ್ವರಿ ಮನೆಯಲ್ಲಿರಲಿಲ್ಲ. ಮೂಡುಬಿದಿರೆಯಲ್ಲಿ ಯಾರದೋ ಗೃಹಪ್ರವೇಶವೆಂದು ಬೆಳಿಗ್ಗೆಯೇ ಹೊರಟಿದ್ದಳು. "ಸಂಜೆ ತಂಗಿಯವರ ಕಾರಿನಲ್ಲಿ ಬರ್ತೇವೆ. ಕೋಣೆ ತಂಪಿದ್ರೆ ಆಯ್ತು. ಇಲ್ಲದಿದ್ರೆ ಬಟ್ಟೆ ತುಂಬಿಸಿಕೊಂಡು ಅದೇ ಕಾರಿನಲ್ಲಿ ಹಿಂದೆ ಹೋಗ್ತೇನೆ," ಎಂದು ಮೆಟ್ಟಿಲಿಳಿಯುತ್ತಾ ಹೇಳಿಹೋಗಿದ್ದಳು.

ಪಾಣೆಮಂಗಳೂರಿನ ಅಸ್ಕರ್ ಬಂದು ಹಿಂದಿನ ಜಗಲಿಯಲ್ಲಿ ಯಂತ್ರ ನಿಲ್ಲಿಸಿದ. ತಣ್ಣನೆ ಗಾಳಿ ಬರುವ ಬಾಯಿಗೆ ದಪ್ಪ ಕೊಳವೆ ಸಿಕ್ಕಿಸಿ, ಅದನ್ನು ವೆಂಟಿಲೇಟರಿನಿಂದ ಕೋಣೆಯೊಳಗೆ ತೂರಿಸಬೇಕೆಂದು ಮಾಷ್ಟ್ರು ಹೇಳಿದಾಗ ಅವನು ತಲೆ ಕೆರೆದುಕೊಂಡ.

"ಇದು ನೀರು ಬಿಸಿ ಮಾಡ್ಲಿಕ್ಕೆ ಇರುವುದು ಸಾರ್. ನಾನು ಈವರೆಗೆ ಹೀಗೆ ಮಾಡಿದ್ದಿಲ್ಲ."

"ಯಾರೂ ಮಾಡಿದ್ದಿಲ್ಲ ಮಾರಾಯ, ಅದಕ್ಕೇ ನಾವು ಮಾಡುವುದು. ನೀನು ಫಿಟ್ ಮಾಡು, ಸಿದ್ಧಾಂತ ನನಗೆ ಬಿಡು."

ಅಸ್ಕರ್ ಫಿಟ್ ಮಾಡಿ, ಸ್ವಿಚ್ ಒತ್ತಿ, ಬೈಕು ಹತ್ತಿ ಹೋದ. ಯಂತ್ರ ಗುಂಯ್ ಎಂದಿತು. ನೋಡನೋಡುತ್ತ ಕೋಣೆಯಲ್ಲಿ ತಣ್ಣನೆ ಗಾಳಿ ಸುಳಿಯತೊಡಗಿತು. ಮಾಷ್ಟ್ರು ಮಂಚದ ಮೇಲೆ ಕೈಕಾಲು ಚಾಚಿ ಬಿದ್ದುಕೊಂಡು ಹೆಂಡತಿಗೆ ಫೋನು ಮಾಡಿದರು. "ಕೋಣೆ ಊಟಿ ಆಗಿದೆ. ನಿನ್ನ ತಂಗಿ ಗಂಡನನ್ನೂ ಒಳಗೆ ಕರಕೊಂಡು ಬಾ, ನೋಡಲಿ!"

ಊಟ ಮುಗಿಸಿ ಒಂದು ಜೋಂಪು ತೆಗೆದು ಎದ್ದಾಗ ಮಾಷ್ಟ್ರ ಬನಿಯನು ಮೈಗೆ ಅಂಟಿತ್ತು. ಗುಂಯ್ ಎನ್ನುವ ಸದ್ದಿಲ್ಲ. ಕೋಣೆ ಮತ್ತೆ ಮೊದಲಿನ ಹಪ್ಪಳದ ಕೋಣೆ. ಓಡಿಹೋಗಿ ನೋಡಿದರೆ ಯಂತ್ರ ತೆಪ್ಪಗೆ ನಿಂತಿದೆ. ಸ್ವಿಚ್ ಒತ್ತಿದರು, ತೆಗೆದರು, ಮತ್ತೆ ಒತ್ತಿದರು, ಕೊನೆಗೆ ಪಕ್ಕೆಗೆ ಎರಡು ಬಡಿದರು. ಅಸ್ಕರನಿಗೆ ಫೋನು ಮಾಡಿದರೆ ಎಲ್ಲಿಯೋ ಸಿಗ್ನಲ್ ಇಲ್ಲದ ಗುಡ್ಡದಲ್ಲಿದ್ದ.

ಬಡಿದ ಸದ್ದು ಕೇಳಿ ಪಕ್ಕದ ಮನೆಯ ನಿತ್ಯಾನಂದ ಶೆಟ್ರು ಹಾಜರಾದರು. ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಅವರಿಗೆ ತಿಳಿಯದ ಯಂತ್ರ ಭೂಮಿಯ ಮೇಲಿಲ್ಲ. ತಿಳಿಯದಿದ್ದರೂ ಅವರು ಅದನ್ನು ಹೇಳುವವರಲ್ಲ.

"ಮಸ್ಕತ್ತಿನಲ್ಲಿ ಇಂಥದ್ದು ಎಷ್ಟು ನೋಡಿದ್ದೇನೆ ಮಾಷ್ಟ್ರೇ. ಬಿಡಿ, ಬಿಡಿ, ಒಮ್ಮೆ ನೋಡುವ," ಎಂದವರೇ ಬಚ್ಚಲಿಗೆ ನುಗ್ಗಿ ನಳ್ಳಿ ತಿರುಗಿಸಿ ಕೈ ಒಡ್ಡಿದರು. "ಅಯ್ಯಯ್ಯೋ! ಕೈ ಬೆಂದೇ ಹೋಯಿತು!"

ಅವರು ಕೈ ಕೊಡಹುತ್ತ ಕುಣಿಯುತ್ತಿರುವಾಗ ನಳ್ಳಿ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಜಗಲಿಯ ಯಂತ್ರ ತಾನಾಗಿ ಗುಂಯ್ ಎಂದಿತು.

ಆಗ ಮಾಷ್ಟ್ರಿಗೆ ಅರ್ಥವಾಯಿತು. ಟ್ಯಾಂಕಿನ ನೀರು ಬಿಸಿಯಾದ ಕೂಡಲೇ ಯಂತ್ರಕ್ಕೆ ಕೆಲಸ ಮುಗಿಯಿತು, ಅದು ನಿಲ್ಲುತ್ತದೆ. ಬಿಸಿನೀರು ಖಾಲಿಯಾಗಿ ತಣ್ಣೀರು ಒಳಗೆ ಹೋದರೆ ಮಾತ್ರ ಮತ್ತೆ ಓಡುತ್ತದೆ. ಅಂದರೆ ಕೋಣೆ ತಂಪಾಗಿರಬೇಕಾದರೆ ಯಾರಾದರೂ ಬಿಸಿನೀರು ಬಳಸುತ್ತಲೇ ಇರಬೇಕು. ಈ ಎಪ್ರಿಲ್ ತಿಂಗಳಲ್ಲಿ! ಒಂಬತ್ತನೇ ಕ್ಲಾಸಿನ ಹುಡುಗರಿಗೂ ಹೊಳೆಯಬಹುದಾದ ವಿಷಯ.

ಇರಲಿ, ನಳ್ಳಿ ತೆರೆದಿಟ್ಟರಾಯಿತು ಎಂದು ನೀರನ್ನು ಅಂಗಳಕ್ಕೆ ಬಿಟ್ಟರು. ಕಂಪೌಂಡಿನ ಆಚೆಯಿಂದ ಶೆಟ್ರ ಹೆಂಡತಿ ನೀಲಾವತಿಯ ಸ್ವರ ಬಂತು.

"ಮಾಷ್ಟ್ರೇ! ನಮ್ಮ ಬಾವಿಯಲ್ಲಿ ಕೊಡಪಾನ ಮುಳುಗುವುದಿಲ್ಲ, ನೀವು ಅಂಗಳಕ್ಕೆ ನೀರು ಬಿಡುವುದಾ? ಮಕ್ಕಳಿಗೆ ಪಾಠ ಹೇಳುವವರು ನೀವೇ ಹೀಗೆ ಮಾಡಿದ್ರೆ ಹೇಗೆ?"

ಮಾಷ್ಟ್ರು ನಾಚಿ ನಳ್ಳಿ ಮುಚ್ಚಿದರು. ನೀರು ಚೆಲ್ಲುವಂತಿಲ್ಲ. ಆದರೆ ಮಿಂದರೆ? ಮೀಯುವುದನ್ನು ಯಾರೂ ಬೇಡ ಎನ್ನುವಂತಿಲ್ಲ. ಬಟ್ಟೆ ಕಳಚಿ, ಉರಿಬಿಸಿಲಿನ ಹೊತ್ತಿನಲ್ಲಿ, ಕುದಿಯುವ ನೀರಲ್ಲಿ ಮಿಂದರು. ಯಂತ್ರ ಓಡಿತು. ಮೈ ಒರೆಸಿ ಕೋಣೆಗೆ ಬರುವಷ್ಟರಲ್ಲಿ ನಿಂತಿತು. ಮತ್ತೊಮ್ಮೆ ಮಿಂದರು. ಮೂರನೆಯ ಸಲಕ್ಕೆ ತಲೆ ತಿರುಗಿದಂತಾಗಿ ಜಗಲಿಗೆ ಬಂದು ಕುಳಿತರು. ಅಲ್ಲಿ ಶೆಟ್ರು ಇನ್ನೂ ಬೆಂದ ಕೈಗೆ ಗಾಳಿ ಊದಿಕೊಳ್ಳುತ್ತಿದ್ದರು.

"ಶೆಟ್ರೇ, ಬಂದದ್ದು ಬಂದಿರಿ, ಒಂದು ಸ್ನಾನ ಮಾಡಿ ಹೋಗಿ."

"ಈಗಲಾ? ಈ ಸೆಖೆಗಾ?"

"ಹೊಸ ಯಂತ್ರದ ನೀರು. ಮೊದಲು ಅನುಭವಸ್ಥರೊಬ್ಬರು ಮೀಯಬೇಕು."

ಅನುಭವಸ್ಥರು ಎಂದ ಮೇಲೆ ಶೆಟ್ರು ಇಲ್ಲ ಎನ್ನುವುದುಂಟೇ? ಮಿಂದು, ಮೈಯೆಲ್ಲ ಹಬೆಯಾಡುತ್ತ ಬಂದರು. ಕೋಣೆ ತಂಪಾಯಿತು. ಗಂಡ ಮಿಂದದ್ದು ಕಂಡು ನೀಲಾವತಿ ಮನೆಯ ಹೊದಿಕೆಗಳನ್ನೆಲ್ಲ ಹೊತ್ತು ತಂದು ಬಿಸಿನೀರಲ್ಲಿ ಹಿಂಡಿದಳು. ಈಗ ಅವಳಿಗೆ ಬಾವಿಯ ನೆನಪಾಗಲಿಲ್ಲ. ಅಷ್ಟರಲ್ಲಿ ಶಾಲೆಯ ಬೀಗದ ಕೈ ಕೊಡಲೆಂದು ಗಣಿತದ ಇಬ್ರಾಹಿಂ ಖಲೀಲ್ ಸ್ಕೂಟರಿನಲ್ಲಿ ಬಂದರು. ಮಾಷ್ಟ್ರು ಅವರ ಕೈಗೆ ಸಾಬೂನು ಕೊಟ್ಟರು.

"ಎಂತ ಸಾರ್ ಇದು?"

"ಮಿಂದು ಬನ್ನಿ."

ಖಲೀಲ್ ಸಾರ್ ಅವರ ಮುಖ ಸಣ್ಣದಾಯಿತು. ಮೆಲ್ಲಗೆ ತಮ್ಮ ತೋಳನ್ನು ಮೂಸಿ ನೋಡಿಕೊಂಡರು. "ನಾನು ಬೆಳಿಗ್ಗೆ ಮಿಂದೇ ಬಂದದ್ದು ಸಾರ್. ಅಷ್ಟು ವಾಸನೆ ಉಂಟಾ? ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ನೀವು ಯಾರೂ ಹೇಳಲೇ ಇಲ್ಲವಲ್ಲ!" ಅವರು ಬೇಸರದಿಂದಲೇ ಒಳಗೆ ಹೋಗಿ, ಬಹಳ ಹೊತ್ತು ಉಜ್ಜಿ ಉಜ್ಜಿ ಮಿಂದರು. ಮಾಷ್ಟ್ರಿಗೆ ಪಾಪ ಅನಿಸಿತು. ಆದರೆ ಕೋಣೆಯೊಳಗೆ ಮುಖವಿಟ್ಟು ನೋಡಿದರೆ ಎಂಥ ತಂಪು!

ಇತ್ತ ಶೆಟ್ರು ಬೀಡಾ ತರಲು ಜಂಕ್ಷನ್ನಿಗೆ ಹೋಗಿದ್ದರು. ಸುಡುಬಿಸಿಲಿನಲ್ಲಿ ಒದ್ದೆ ತಲೆ ಕಂಡು ಯಾರೋ ಕೇಳಿದರು.

"ಎಂತ ಶೆಟ್ರೇ, ಈ ಹೊತ್ತಿಗೆ ಸ್ನಾನ?"

"ಮಾಷ್ಟ್ರ ಮನೆಯಲ್ಲಿ ಮಿಂದೆ."

"ಅಲ್ಲಿ ಯಾಕೆ?"

ಗೊತ್ತಿಲ್ಲ ಎಂಬ ಶಬ್ದ ಶೆಟ್ರ ಬಾಯಲ್ಲಿ ಬಂದದ್ದಿಲ್ಲ. "ಎಂತದೋ ಹರಕೆ. ಬಂದವರಿಗೆಲ್ಲ ಬಿಸಿನೀರ ಸ್ನಾನ."

ನಮ್ಮ ಕಡೆ ಹರಕೆ ಅಂದ ಮೇಲೆ ಯಾರೂ ಕಾರಣ ಕೇಳುವುದಿಲ್ಲ. ಕೇಳಿದರೆ ದೋಷ, ಹೋಗದಿದ್ದರೆ ಇನ್ನೂ ದೋಷ. ಒಬ್ಬೊಬ್ಬರಾಗಿ ಜನ ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು ಬರತೊಡಗಿದರು. ರಿಕ್ಷಾ ಸ್ಟ್ಯಾಂಡ್ ಅರ್ಧ ಖಾಲಿಯಾಯಿತು. ಮಿಂದವರು ಭಕ್ತಿಯಿಂದ ಜಗಲಿಯಲ್ಲಿ ಸಾಲಾಗಿ ಕುಳಿತರು. ಒಬ್ಬರು ಕೇಳಿಯೇ ಬಿಟ್ಟರು, "ಮಾಷ್ಟ್ರೇ, ಪಾಯಸ ಎಂತದ್ದು? ಕಡ್ಲೆಬೇಳೆಯದ್ದಾ, ಹೆಸರುಬೇಳೆಯದ್ದಾ?"

"ಪಾಯಸವಾ?"

"ಹರಕೆ ಸ್ನಾನ ಅಂದ ಮೇಲೆ ಊಟ ಬೇಡ್ವಾ?"

ಮಾಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಲ್ಲ ಎಂದರೆ ಸಾಲಿನಲ್ಲಿದ್ದವರು ಮೀಯದೆ ಹೋಗುತ್ತಿದ್ದರು. ಬಾವಿಯ ಪಂಪು ನೀರು ಸಾಲದೆ ಗೊರಗೊರ ಎನ್ನತೊಡಗಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು.

ಪರಮೇಶ್ವರಿ, ಶುಭಶ್ರೀ, ದೇವಿಪ್ರಸಾದ ಇಳಿದರು. "ಇದೆಂತ ಇಷ್ಟು ಜನ?" ಎಂದಳು ಪರಮೇಶ್ವರಿ. "ನೀವೆಂತ ಬೀಟ್ರೂಟಿನ ಹಾಗೆ ಕೆಂಪಾಗಿದ್ದೀರಿ?"

"ಹೊಸ ಯಂತ್ರ ನೋಡ್ಲಿಕ್ಕೆ ಬಂದವರು. ಮೊದಲು ಒಳಗೆ ಬಾ," ಎಂದು ಮಾಷ್ಟ್ರು ಅವಸರಿಸಿದರು. ಆಗಷ್ಟೇ ಒಬ್ಬ ರಿಕ್ಷಾದವ ಬಚ್ಚಲು ಹೊಕ್ಕಿದ್ದ. ಅವನು ಮಿಂದು ಮುಗಿಸುವುದರೊಳಗೆ ಎಲ್ಲ ತೋರಿಸಬೇಕಿತ್ತು.

"ಇದೇ ಯಂತ್ರದಿಂದ ಬಚ್ಚಲಿಗೆ ಬಿಸಿನೀರೂ ಬರ್ತದೆ," ಎನ್ನುತ್ತ ಬಾಗಿಲು ತೆರೆದರು. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಶುಭಶ್ರೀ ಸೆರಗು ಹೊದ್ದುಕೊಂಡಳು. ದೇವಿಪ್ರಸಾದ ಕೊಳವೆಯ ಬಾಯಿಗೆ ಕೈ ಒಡ್ಡಿ, "ನಮ್ಮ ಎಸಿಯಲ್ಲಿ ಇಂಥ ತಂಪಿಲ್ಲ ಭಾವ. ಮೇಲಿಂದ ಬಿಸಿನೀರು ಬೇರೆ! ನಿಮ್ಮ ತಲೆಗೆ ಕೈ ಮುಗೀಬೇಕು," ಎಂದ. ಮಾಷ್ಟ್ರಿಗೆ ಜನ್ಮ ಸಾರ್ಥಕವಾಯಿತು. ಪರಮೇಶ್ವರಿ ಮಂಚದ ಮೇಲೆ ಕುಳಿತಳು. ಅವಳ ಕಣ್ಣು ತೇವವಾಗಿತ್ತು.

"ನನಗಾಗಿ ಇಷ್ಟೆಲ್ಲ ಮಾಡಿದ್ರಾ?" ಎಂದಳು.

"ಮತ್ತೆ? ಇನ್ನು ನೀನು ಎಲ್ಲಿಗೂ ಹೋಗಬೇಕಾಗಿಲ್ಲ."

"ನಿಜ ಹೇಳ್ತೇನೆ ನೋಡಿ. ನಾನು ಹೋಗುವುದಿಲ್ಲ ಅಂತಲೇ ಮಾಡಿದ್ದೆ. ದಾರಿಯುದ್ದಕ್ಕೂ ಇವಳ ಹತ್ರ ಅದೇ ಹೇಳ್ತಾ ಬಂದೆ. ಈ ಸೆಖೆಯಲ್ಲಿ ನಿಮ್ಮನ್ನು ಒಬ್ಬರನ್ನೇ ಬಿಟ್ಟು ನಾನು ಅಲ್ಲಿ ತಣ್ಣಗೆ ಮಲಗುವುದು ಹೇಗೆ? ನನಗೆ ಅನ್ನ ಇಳಿಯಬಹುದಾ? ನಿಮ್ಮನ್ನು ಹೆದರಿಸ್ಲಿಕ್ಕೆ ಹೋಗ್ತೇನೆ ಅಂತ ಹೇಳಿದ್ದು ಅಷ್ಟೆ."

ಮಾಷ್ಟ್ರ ಮುಖದಲ್ಲಿ ನಗು ಅರಳಿತು. ಪರಮೇಶ್ವರಿ ಕಣ್ಣೊರೆಸಿಕೊಂಡು ಎದ್ದಳು.

"ಈಗ ಆ ಚಿಂತೆ ಇಲ್ಲ. ಕೋಣೆ ತಂಪುಂಟು, ಹಂಡೆಗೆ ಬೆಂಕಿ ಹಾಕುವ ಕೆಲಸವೂ ಇಲ್ಲ. ನೀವು ಆರಾಮ ಇರ್ತೀರಿ. ಶುಭಾ, ಬಟ್ಟೆ ತುಂಬಿಸ್ತೇನೆ, ಹೊರಡುವ. ಅಕ್ಕ ತಂಗಿ ಒಟ್ಟಿಗೆ ಇದ್ದು ಎಷ್ಟು ಕಾಲ ಆಯ್ತು!"

ಮಾಷ್ಟ್ರು ಬಾಯಿ ತೆರೆದರು. ಒಂದು ಮಾತು ಸಾಕಿತ್ತು: ಇದು ಎಸಿ ಅಲ್ಲ, ಊರಿಡೀ ಮಿಂದರೆ ಮಾತ್ರ ತಂಪು, ನಾನೊಬ್ಬ ಮಡ್ಡ, ನೀನು ಹೋಗಬೇಡ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ದೇವಿಪ್ರಸಾದ ಅವರ ಭುಜ ತಟ್ಟಿ, "ವಿಜ್ಞಾನ ಓದಿದವರೆಂದರೆ ಹೀಗಿರಬೇಕು ಭಾವ. ನಾವೆಲ್ಲ ದುಡ್ಡು ಸುರಿದ ಪೆದ್ದರು," ಎಂದುಬಿಟ್ಟ. ಇಂಥ ಮಾತು ಆ ಬಾಯಿಂದ ಇನ್ನೊಮ್ಮೆ ಬರುವುದುಂಟೇ? ಮಾಷ್ಟ್ರು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು.

ಕಾರು ಹೋಯಿತು. ಮನೆಯ ಯಜಮಾನತಿಯೇ ಹೊರಟುಹೋದದ್ದು ಕಂಡು ಜಗಲಿಯವರಿಗೂ ಪಾಯಸದ ಆಸೆ ಹೋಯಿತು. "ಇದೆಂಥ ಹರಕೆ ಮಾರಾಯ್ರೇ!" ಎಂದು ಗೊಣಗುತ್ತ ಎದ್ದು ನಡೆದರು. ಶೆಟ್ರೂ ಹೋದರು. ಬಚ್ಚಲು ಬರಿದಾಯಿತು. ತುಸು ಹೊತ್ತಿನಲ್ಲಿ ಯಂತ್ರ ಗಪ್ಪೆಂದಿತು, ಸೆಖೆ ತನ್ನ ಮನೆಗೇ ಬಂದ ಹಾಗೆ ಕೋಣೆಯೊಳಗೆ ಬಂದು ಕುಳಿತಿತು.

ಕಾರು ವಾಮದಪದವು ದಾಟುವ ಹೊತ್ತಿಗೆ ಪರಮೇಶ್ವರಿಯ ಫೋನು ಬಂತು.

"ಕೋಣೆ ಹೇಗುಂಟು?"

"ತಂಪು ಮಾರಾಯ್ತಿ, ತಂಪು," ಎಂದರು ಮಾಷ್ಟ್ರು, ಗದ್ದದಿಂದ ಇಳಿಯುವ ಬೆವರನ್ನು ಒರೆಸುತ್ತ.

"ನನಗೆ ಈಗ ಅದೇ ಚಿಂತೆ. ಕಪಾಟಿನಲ್ಲಿ ಕಂಬಳಿ ಉಂಟು, ಹೊದ್ದು ಮಲಗಿ. ಶೀತವಾದ್ರೆ ನೋಡ್ಲಿಕ್ಕೆ ಅಲ್ಲಿ ಯಾರುಂಟು?"

"ಆಯಿತು," ಎಂದು ಫೋನಿಟ್ಟು, ಮಾಷ್ಟ್ರು ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು.