ನಮ್ಮ ಈಜುಕೊಳ, ಮುನ್ನಿ ಬೀಯ ಬಾವಿ

ನಾನು ಹಟ ಹಿಡಿದರೆ ಆಗದ ಕೆಲಸವೇ ಇಲ್ಲ! ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾಗಿ ಸೀಟಿ ಊದಿ ಊದಿ ನಿವೃತ್ತಳಾದ ವಿಶಾಖಾ ನಾನು. ನನ್ನ ಸೀಟಿ ಕೇಳಿದರೆ ಆಚೆ ಓಣಿಯ ಎಮ್ಮೆಗಳೂ ಸಾಲಾಗಿ ನಿಲ್ಲುತ್ತಿದ್ದವು. ಅಂಥವಳು ಒಂದು ದಿನ ಹುಮನಾಬಾದಿನ ಡಾಕ್ಟರ ಕೋಣೆಯಿಂದ ಹೊರಬಿದ್ದವಳೇ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಘೋಷಿಸಿಬಿಟ್ಟೆ.

“ನಮ್ಮ ಹಿತ್ತಲದಾಗ ಸ್ವಿಮ್ಮಿಂಗ್ ಪೂಲ್ ಕಟ್ಟಸ್ತೀನಿ!”

ಪಕ್ಕದಲ್ಲಿ ಕೋಲೂರಿಕೊಂಡು ನಿಂತಿದ್ದ ನಮ್ಮವರು, ಸಂಘರತ್ನ, ನಿಧಾನಕ್ಕೆ ಕೇಳಿದರು, “ಯಾರಿಗಿ?”

“ನಿಮಗ!”

“ನಾ ಕೇಳೀನೇನು?”

“ಕೇಳೂದು ಬಿಡೂದು ಆಮ್ಯಾಲೆ. ಮೊದಲ ಕಟ್ಟೂದು!”

ನಮ್ಮ ಸಂಸಾರ ನಡೆದುಬಂದದ್ದೇ ಹೀಗೆ. ನಾನು ಹೇಳುವುದು, ಅವರು ಕೇಳುವುದು. ಈ ಕಥೆಯನ್ನು ನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ. ನಡುವೆ ನಗು ನಿಂತರೆ ಸ್ವಲ್ಪ ತಾಳಿಕೊಳ್ಳಿ.

ನಮ್ಮವರು ಬಸವಕಲ್ಯಾಣ–ಹುಮನಾಬಾದ್ ಬಸ್ಸಿನ ಕಂಡಕ್ಟರ್ ಆಗಿದ್ದವರು. “ಹುಮನಾಬಾದ್! ಹುಮನಾಬಾದ್!” ಎಂದು ಅವರು ನಿಲ್ದಾಣದಲ್ಲಿ ಕೂಗಿದರೆ ಹುಲಸೂರಿಗೆ ಹೊರಟವರೂ ಗಾಬರಿಯಾಗಿ ಹತ್ತಿಬಿಡಬೇಕು, ಅಂಥ ಕಂಠ. ನಿವೃತ್ತಿಯಾದ ವರ್ಷವೇ ಪಾರ್ಶ್ವವಾಯು ಬಡಿಯಿತು. ಎಡಗೈ ಹೋಯಿತು, ಎಡಗಾಲು ಅರ್ಧ ಹೋಯಿತು, ಆ ಕಂಠವೂ ಹೋಯಿತು. ಕಂಠ ಹೋದದ್ದೇ ನನಗೆ ಹೆಚ್ಚು ಸಂಕಟ. ಮಾತಾಡಿದರೆ ಒಳಕೋಣೆಯಲ್ಲಿ ಯಾರೋ ಗೊಣಗಿದ ಹಾಗೆ ಕೇಳುತ್ತಿತ್ತು. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತುಬಿಡುತ್ತಿದ್ದರು.

“ಯಾಕ್ರಿ, ಗೋಡಿ ನೋಡ್ಕೋಂತ ಕುಂತೀರಿ?”

“ಗೋಡಿ ಏನೂ ಕೇಳಂಗಿಲ್ಲ.”

ಡಾಕ್ಟರು ಹೇಳಿದ್ದಿಷ್ಟೆ. ನೀರಿನಲ್ಲಿ ನಿಂತು ಕಾಲಾಡಿಸಿದರೆ ಒಳ್ಳೆಯದು, ನೀರು ಮೈಯ ಭಾರ ಹೊರುತ್ತದೆ. ಅಷ್ಟು ಸಾಕಾಯಿತು ನನಗೆ! ನಮ್ಮವರು ಹುಡುಗರಿದ್ದಾಗ ಮೀನಿನ ಜಾತಿ. ಅವರ ಹಳ್ಳಿಯಲ್ಲಿ ನಮ್ಮ ಮಂದಿಯನ್ನು ಊರ ಬಾವಿಗೆ ಇಳಿಸುತ್ತಿರಲಿಲ್ಲ. ಹಳ್ಳದ ಮಡುವಿನಲ್ಲೇ ಈಜು ಕಲಿತು, ಮುಳುಗಿದವನೆಲ್ಲಿ ಎಂದು ದಂಡೆಯವರು ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಆ ಕಡೆ ಎದ್ದು ನಗುತ್ತಿದ್ದರಂತೆ. ಆ ಮನುಷ್ಯ ಮತ್ತೊಮ್ಮೆ ನೀರಿಗಿಳಿಯಬೇಕು. ಯಾರ ಬಾವಿಯೂ ಅಲ್ಲ, ನಮ್ಮ ಹಿತ್ತಲು, ನಮ್ಮ ನೀರು! ಅವರನ್ನು ನೀರಿಗಿಳಿಸದಿದ್ದರೆ ನನ್ನ ಹೆಸರು ವಿಶಾಖಾನೇ ಅಲ್ಲ ಎಂದುಕೊಂಡೆ.

ಕೆಲಸಕ್ಕೆ ಸಿಕ್ಕವನು ಹುಮನಾಬಾದಿನ ಕುನಾಲ. ಮದುವೆ ಮಂಟಪದ ಮುಂದೆ ಬಣ್ಣದ ಕಾರಂಜಿ ಕಟ್ಟಿ ಹೆಸರು ಮಾಡಿದ ಗುತ್ತಿಗೆದಾರ. ಈಜುಕೊಳ ಎಂದೂ ಕಟ್ಟಿರಲಿಲ್ಲ, ಮೊಬೈಲಿನಲ್ಲಿ ಬೇಕಾದಷ್ಟು ನೋಡಿದ್ದ. ನಾನೂ ನೋಡಿದ್ದೆ. ಇಬ್ಬರು ಪಂಡಿತರು ಕೂಡಿದ ಮೇಲೆ ಕೇಳಬೇಕೆ!

ಜೆಸಿಬಿ ಬಂತು. ಹಿತ್ತಲ ಬಾಗಿಲು ಅದಕ್ಕೆ ಸಾಲಲಿಲ್ಲ, ಗೋಡೆ ಬಿತ್ತು. ಗೋಡೆಯ ಜೊತೆ ಬಟ್ಟೆ ಒಣಹಾಕುವ ಕಂಬ, ಕಂಬದ ಜೊತೆ ತಂತಿ, ತಂತಿಯ ಜೊತೆ ನಮ್ಮವರ ಲುಂಗಿ! ಲುಂಗಿಯನ್ನು ಬಾವುಟದ ಹಾಗೆ ಹಾರಿಸುತ್ತ ಜೆಸಿಬಿ ನೆಲಕ್ಕೆ ಬಾಯಿ ಹಾಕಿತು. ಮೊದಲ ಬಾಯಿಗೇ ಬಚ್ಚಲ ಪೈಪು ಒಡೆಯಿತು. ಎರಡನೆಯದಕ್ಕೆ ಸೀತಾಫಲದ ಗಿಡ ಅಡ್ಡಬಿತ್ತು. ಮೇಲಿನ ಮಣ್ಣು ತೆಗೆದರೆ ಕೆಳಗೆಲ್ಲ ನಮ್ಮ ಕಡೆಯ ಕೆಂಪು ಕಲ್ಲು, ಜೇನುಹುಟ್ಟಿನ ಹಾಗೆ ತೂತು ತೂತು.

“ಮ್ಯಾಡಂ, ತಳಕ್ಕ ಕಾಂಕ್ರೀಟ್ ಹಾಕಿ ಮ್ಯಾಲೆ ಟೈಲ್ಸ್ ಕೂಡಸೂಣ್ರಿ,” ಎಂದ ಕುನಾಲ.

“ಟೈಲ್ಸ್ ಮ್ಯಾಲೆ ಇವರ ಕಾಲು ಜಾರಿದರ? ತಳ ಹಿಂಗೇ ಇರ್ಲಿ. ಈ ಊರಾಗಿನ ಹಳೀ ಬಾವಿ ಎಲ್ಲಾ ಇದೇ ಕಲ್ಲಿನಾಗ ಕಡದಾರ. ಅಲ್ಲಿ ನೀರು ನಿಂತಿಲ್ಲೇನು?”

ಕುರ್ಚಿಯಿಂದ ಆ ಗೊಣಗುವ ಸ್ವರ ಬಂತು. “ಬಾವಿಗಿ ನೀರು ಕಲ್ಲಿನಾಗಿಂದ ಒಳಗ ಬರ್ತದ, ವಿಶಾಖಾ. ನೀ ಮ್ಯಾಲಿಂದ ಹಾಕಾಕತ್ತೀದಿ. ಅದು ಹೊಂಟ ಹೋಗ್ತದ.”

“ನೀವು ಸುಮ್ನಿರ್ರಿ! ನಿಮಗ ಬಸ್ಸಿಂದು ಗೊತ್ತು, ಕಲ್ಲಿಂದೇನು ಗೊತ್ತು?”

ಅವರು ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಕೊಂಡರು.

ಉದ್ಘಾಟನೆಯ ದಿನ ಓಣಿಯೆಲ್ಲ ನೆರೆದಿತ್ತು. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎರಡೂ ಸೇರಿ ಕೊಳ ತುಂಬಿತ್ತು. ರೋಗ ಬರಬಾರದೆಂದು ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಸುರಿದಿದ್ದೆ. ನಮ್ಮವರಿಗೆ ಹೊಸ ಚಡ್ಡಿ ತೊಡಿಸಿ, ಹೆಗಲಿಗೆ ಹೊಸ ಟವೆಲ್ ಹೊದಿಸಿ, ದಂಡೆಗೆ ತಂದು ಸೀಟಿ ಊದಿದೆ.

“ಇಳೀರಿ!”

“ಇವತ್ತ ಬ್ಯಾಡ.”

“ಯಾಕ?”

“ಮಂದಿ ಅದಾರ.”

“ಮುಂಜಾನಿ ಮಂದಿ ಇರಂಗಿಲ್ಲ. ಮುಂಜಾನಿ ಇಳೀರಿ!”

ಮುಂಜಾನೆ ಎದ್ದು ನೋಡಿದರೆ ಮಂದಿಯೂ ಇರಲಿಲ್ಲ, ನೀರೂ ಇರಲಿಲ್ಲ! ಒದ್ದೆ ಕಲ್ಲಿನ ಮೇಲೆ ಒಂದು ಕಪ್ಪೆ ಮಾತ್ರ ಕೂತಿತ್ತು. ಕಳ್ಳತನವೇ ಸರಿ ಎಂದುಕೊಂಡು ಬಿದ್ದ ಗೋಡೆಗೆ ಮುಳ್ಳು ಹಚ್ಚಿ, ಗೇಟಿಗೆ ಬೀಗ ಜಡಿದು, ಮತ್ತೆ ತುಂಬಿಸಿದೆ. ಮರುದಿನ ಬೀಗ ಇತ್ತು, ಮುಳ್ಳು ಇತ್ತು, ನೀರಿಲ್ಲ. ಕುನಾಲನಿಗೆ ಫೋನ್ ಮಾಡಿದರೆ, “ನೀವೇ ತಳ ಬ್ಯಾಡ ಅಂದೀರಲ್ರಿ,” ಎಂದು ಮೊಬೈಲನ್ನೇ ಬಂದ್ ಮಾಡಿಕೊಂಡ. ಓಣಿಯ ಹೆಂಗಸರು ಬಂದು, ಕಾಗೆಯಿಲ್ಲ, ಗಾಳಿಯಿಲ್ಲ, ಬಿಸಿಲು ಬರೋಬ್ಬರಿ ಇದೆ ಎಂದು ನನ್ನ ಈಜುಕೊಳದಲ್ಲಿ ಮೆಣಸಿನಕಾಯಿ ಒಣಹಾಕಿದರು. ಅವತ್ತು ನಾನು ಒಳಗೆ ಹೋಗಿ ಅತ್ತೆ. ಮೆಣಸಿನಕಾಯಿಯ ಘಾಟು ಎಂದು ಎಲ್ಲರಿಗೂ ಹೇಳಿದೆ.

ಆದರೂ ಬಿಡುವ ಹೆಣ್ಣೇ ನಾನು! ಮೆಣಸಿನಕಾಯಿ ಎತ್ತಿಸಿ ದಿನಾ ತುಂಬಿಸುತ್ತಲೇ ಇದ್ದೆ. ಹಾಗಿರುವಾಗ ನಮ್ಮ ಹಿತ್ತಲ ಹಿಂದೆ, ಇಳಿಜಾರಿನಲ್ಲಿರುವ ಮನೆಯ ಮುನ್ನಿ ಬೀ ಬಟ್ಟಲ ತುಂಬ ಶಿರಾ ಹಿಡಿದುಕೊಂಡು ಬಂದಳು. ಎಪ್ಪತ್ತು ದಾಟಿದ ಮುದುಕಿ, ಹುಡುಗಿಯ ಹಾಗೆ ಕುಣಿಯುತ್ತಿದ್ದಳು.

“ಬಾಯಿ ಸೀ ಮಾಡ್ಕೋ ಬೇಟಿ! ನಮ್ಮ ಬಾವಿಗಿ ನೀರ ಬಂದದ! ನಮ್ಮವರು ಸತ್ತ ವರ್ಷ ಬತ್ತಿದ ಬಾವಿ. ಅಲ್ಲಾನ ಮೆಹರಬಾನಿ ನೋಡು!”

“ನೀರು ಹ್ಯಾಂಗದ, ಬೀ?”

“ಏಕದಂ ಸಾಫ್. ಜರಾ ದವಾಖಾನಿ ವಾಸನಿ ಹೊಡೀತದ. ಔಷಧದ ನೀರೇ ಇರಬೇಕು!”

ಗೋಡೆಯ ಕಡೆಯಿಂದ ವಿಚಿತ್ರ ಸದ್ದು ಕೇಳಿಸಿತು. ಗಾಬರಿಯಾಗಿ ಓಡಿದೆ. ನಮ್ಮವರು ನಗುತ್ತಿದ್ದರು! ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ಬಾಯಿಯ ಒಂದೇ ಬದಿಯಿಂದ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮುನ್ನಿ ಬೀಗೆ ನಿಜ ಹೇಳಲು ನನಗೆ ಮನಸ್ಸಾಗಲಿಲ್ಲ, ಇವತ್ತಿಗೂ ಹೇಳಿಲ್ಲ. ಆಕೆ ಹೋದ ಮೇಲೆ ಅವರೇ ಬಾಯಿಬಿಟ್ಟು ಕೇಳಿದರು, “ನನಗ ಆ ಬಾವಿ ತೋರಸ್ತೀಯೇನು?”

ತಾವಾಗಿ ಏನನ್ನೂ ಕೇಳದೆ ಎಷ್ಟು ಕಾಲವಾಗಿತ್ತೋ! ಮುನ್ನಿ ಬೀಯ ಮಗ ಜಹೀರುದ್ದೀನ, ಆಟೋ ಓಡಿಸುವ ಗಟ್ಟಿ ಆಳು, ಒಂದು ಕಡೆ ಹಿಡಿದ, ನಾನೊಂದು ಕಡೆ. ಮೆಟ್ಟಿಲ ಬಾವಿ. ಒಂದೊಂದೇ ಮೆಟ್ಟಿಲು ಇಳಿದು ನೀರಿನ ಹತ್ತಿರ ಕೂತರು. ಬಲಗಾಲನ್ನು ಮೆಲ್ಲಗೆ ನೀರಿಗೆ ಬಿಟ್ಟರು.

“ಹ್ಞಾಂ, ಇನ್ನ ಪೂರಾ ಇಳೀರಿ!” ಎಂದೆ ನಾನು.

“ಇಲ್ಲ.”

“ಇಲ್ಲಿ ಮಂದಿ ಇಲ್ಲ. ನೀರು ಅದ. ಇನ್ನೇನ್ರಿ ನಿಮ್ಮ ತಕರಾರು?”

ಅವರು ನೀರನ್ನೇ ನೋಡುತ್ತ ಹೇಳಿದರು. “ನಾ ಮುಳುಗಿದರ ನೀ ಸುಮ್ಮ ನಿಂದ್ರಂಗಿಲ್ಲ. ಹಿಂದ ಮುಂದ ನೋಡದ ಜಿಗೀತಿ. ನಿನಗ ಈಜು ಬರಂಗಿಲ್ಲ. ನಿನ್ನ ಎತ್ತಾಕ ನನಗ ಒಂದ ಕೈ ಸಾಲಂಗಿಲ್ಲ. ಅದಕ್ಕ ಇಳಿಯಂಗಿಲ್ಲ. ನಿನ್ನ ಕೊಳಕ್ಕೂ ಇಳೀತಿದ್ದಿಲ್ಲ.”

ಇಷ್ಟು ದಿನ ಇದನ್ನು ಮೊಂಡುತನ ಎಂದುಕೊಂಡಿದ್ದೆ. ಗಂಡನನ್ನು ನೀರಿಗಿಳಿಸಲು ಊರು ಅಗೆದವಳು ಸ್ವತಃ ಮೊಳಕಾಲು ಮೀರಿದ ನೀರನ್ನು ಕಂಡವಳಲ್ಲ ಎಂಬುದು ನನಗೇ ಮರೆತುಹೋಗಿತ್ತು!

“ನಾ ಕಲತರ ಇಳೀತೀರಾ?”

“ನೀ ಕಲಿ ಮೊದಲ.”

“ಎಂಟ ದಿನದಾಗ ಕಲೀತೀನಿ!”

ಎಂಟು ದಿನ! ಮರುದಿನದಿಂದಲೇ ಶಾಲೆಯ ಹಳೆಯ ಟ್ರ್ಯಾಕ್‌ಪ್ಯಾಂಟ್ ಏರಿಸಿ, ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗಿಳಿದೆ. ಹಗ್ಗ ದಂಡೆಯ ಗೋಡೆಗೆ ಕೂಡಿಸಿದ್ದ ಕಲ್ಲಿನ ಬಳೆಯೊಳಗಿಂದ ಹಾದು ಬಂದು ಅವರ ಬಲಗೈಯಲ್ಲಿರುತ್ತಿತ್ತು. ಮೇಲೆ ಮುನ್ನಿ ಬೀ ಗಂಡಸರು ಯಾರೂ ಇತ್ತ ಬರದಂತೆ ಕಾವಲು. ಜಹೀರುದ್ದೀನ ಅವರನ್ನು ಇಳಿಸಿ ಹೋದರೆ ಮತ್ತೆ ಕರೆದಾಗಲೇ ಬರುವುದು. ಮೇಲೆ ನನ್ನ ಕೊಳಕ್ಕೆ ನೀರು ಬಿಡುವುದು, ಕೆಳಗೆ ಬಂದು ಆ ನೀರಿನಲ್ಲೇ ಮುಳುಗುವುದು, ಇದು ನನ್ನ ದಿನಚರಿಯಾಯಿತು. ಮುಂದೆ ಮಳೆಗಾಲ ಹಿಡಿದು ಬಾವಿ ತಾನಾಗಿಯೇ ತುಂಬಿಕೊಂಡಿತು. ನಾನು ಮಾತ್ರ ಕಲಿಯಲಿಲ್ಲ.

“ಕೈ ಚಾಚು! ಕಾಲ ಬಡಿ! ಏ, ನೀರಿಗಿ ಯಾಕ ಹೊಡೀತಿ, ಅದೇನು ನಿನ್ನ ಗಂಡನೇನು?”

“ಮೂಗಿನಾಗ ನೀರ ಹೊಂಟದರಿ!”

“ಹೋಲ್ಡಾನ್! ಉಸುರ ತಗೋ. ಹ್ಞಾಂ... ರೈಟ್! ಮುಂದ ಸರೀರಿ, ಮುಂದ ಜಾಗಾ ಅದ!”

ಒಂದು ದಿನ ನೀರು ಕುಡಿದು ಕೆಮ್ಮುತ್ತ ಮೇಲೆದ್ದವಳು ಅಲ್ಲೇ ನಿಂತುಬಿಟ್ಟೆ. ಅವರ “ರೈಟ್!” ಎಂಬುದು ಬಾವಿಯ ನಾಲ್ಕೂ ಗೋಡೆಗೆ ಬಡಿದು ಮೇಲಕ್ಕೆ ಹೋಗಿತ್ತು. ಕಂಠ ಬಂದಿತ್ತು! ಪೂರಾ ಅಲ್ಲ, ಆದರೆ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವಷ್ಟು ಬಂದಿತ್ತು. ಮೇಲಿನಿಂದ ಮುನ್ನಿ ಬೀ, “ಕ್ಯಾ ಹುವಾ?” ಎಂದು ಕೂಗಿದಳು. ಏನೂ ಇಲ್ಲ ಎಂದು ಮುಖ ತೊಳೆದುಕೊಂಡೆ. ಬಾವಿಯಲ್ಲಿ ಅತ್ತರೆ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ದಿನಾ ನಾನು ಏಳುವ ಮುಂಚೆ ಅವರೇ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದರು. ನಾನು ದಿನಾ ಕೇಳುತ್ತಿದ್ದೆ, “ಇವತ್ತ ಬಂತಲ್ರಿ? ಆ ದಂಡಿ ಮುಟ್ಟೀನಿ! ನಾಳೆ ನೀವು ಇಳೀರಿ.”

“ಡಬ್ಬಿ ಕಟಗೊಂಡರ ಕಲ್ಲೂ ತೇಲ್ತದ. ನಿನಗ ಇನ್ನ ಬಂದಿಲ್ಲ.”

“ಕಾಲು ಬರೋಬ್ಬರಿ ಬಡದೀನಲ್ರಿ!”

“ಕಾಲು ಬಂತು. ಉಸುರ ಬಂದಿಲ್ಲ.”

ಉಸಿರು ಸರಿಮಾಡಿಕೊಂಡರೆ ಕೈ ಸೊಟ್ಟ, ಕೈ ನೆಟ್ಟಗಾದರೆ ಕುತ್ತಿಗೆ ಬಿಗಿ. ಮೂವತ್ತು ವರ್ಷ ಹುಡುಗಿಯರನ್ನು ಮೈದಾನದಲ್ಲಿ ಓಡಿಸಿದವಳಿಗೆ ಎಷ್ಟು ತಪ್ಪು ಹಿಡಿದರಪ್ಪ ಈ ಮನುಷ್ಯ! ಸಿಟ್ಟು ಬರುತ್ತಿತ್ತು. ಆದರೂ ಹೇಳಿದ್ದನ್ನೆಲ್ಲ ಮಾಡುತ್ತಿದ್ದೆ. ಇವತ್ತಲ್ಲ ನಾಳೆ ಕಲಿತೇ ತೀರುತ್ತೇನೆ, ಅವರನ್ನು ಇಳಿಸಿಯೇ ತೀರುತ್ತೇನೆ ಎಂಬ ಹಟ.

ದೀಪಾವಳಿಯ ಚಳಿ ಶುರುವಾದಾಗ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದರು. ಚಹಾಕ್ಕೆ ಎಬ್ಬಿಸಿದೆ. ಏಳಲಿಲ್ಲ. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಮುನ್ನಿ ಬೀ ಇಳಿಜಾರಿನಿಂದ ಬರಿಗಾಲಲ್ಲಿ ಓಡಿಬಂದಳು. ನನ್ನ ಮಾತು ಅವರಿಗೆ ಕೇಳಿಸದೇ ಹೋದದ್ದು ಅದೊಂದೇ ಸಲ.

ಬುದ್ಧವಂದನೆ ಮುಗಿಯಿತು, ನೆಂಟರು ಹೋದರು. ಕುರ್ಚಿಯಲ್ಲಿ ನಾನು ಕೂತೆ. ಎಷ್ಟೋ ದಿನ ಕೂತೇ ಇದ್ದೆ. ಕೊನೆಗೆ ಮುನ್ನಿ ಬೀ ಬಂದು ರಟ್ಟೆ ಹಿಡಿದಳು. “ಏಳ ಬೇಟಿ. ನೀರು ಕಾಯಾಕತ್ತದ.”

ಮನಸ್ಸಿರಲಿಲ್ಲ. ಆದರೂ ಹೋದೆ. ಮೊಳೆಗೆ ನೇತುಹಾಕಿದ್ದ ಡಬ್ಬಿಯನ್ನು ತೆಗೆದು ಬೆನ್ನಿಗೇರಿಸುವಾಗ ಜಹೀರುದ್ದೀನ ತಡೆದ.

“ಅದು ಯಾಕ, ಚಾಚಿ? ಅದರಿಂದ ಏನೂ ಆಗಂಗಿಲ್ಲ.” ಡಬ್ಬಿಯನ್ನು ತಿರುವಿ ತೋರಿಸಿದ. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು! “ಮಳಿಗಾಲದಾಗೇ ಚಾಚಾ ನನ್ನ ಕಡಿಂದ ತೂತ ಮಾಡಿಸ್ಯಾರ. ನೀವು ಇಳದ ಕೂಡಲೇ ನೀರು ತುಂಬತಿತ್ತು, ಹತ್ತಿದ ಕೂಡಲೇ ಸೋರತಿತ್ತು. ಆವಾಗಿಂದ ನೀವು ಒಬ್ಬರೇ ಈಜಾಕತ್ತೀರಿ.”

ನಾನು ಡಬ್ಬಿಯನ್ನು ನೋಡಿದೆ, ಅವನನ್ನು ನೋಡಿದೆ. “ಮತ್ತ ದಿನಾ ಬಂದಿಲ್ಲ, ಬಂದಿಲ್ಲ ಅಂತಿದ್ದರಲ್ಲ? ನನಗ ಯಾಕ ಹೇಳಲಿಲ್ಲ? ನೀರಿಗಿ ಇಳಸ್ತೀನಂತ ಅಂಜಿದರೇನು?”

ಜಹೀರುದ್ದೀನ ತಲೆ ತಗ್ಗಿಸಿದ. “ನಾನೂ ಅದನ್ನೇ ಕೇಳಿದ್ದೆ, ಚಾಚಿ. ಚಾಚಾ ನಕ್ಕರು. ‘ಲಗ್ನ ಆದಾಗಿಂದ ಅಕೀ ನನ್ನ ಮಾತ ಕೇಳಿದ್ದು ಈ ಬಾವ್ಯಾಗ ಅಷ್ಟ, ಜಹೀರ. ಕಲತಾಳಂತ ಹೇಳಿ ಅದನ್ನ ಯಾಕ ಕೆಡಸ್ಲಿ?’ ಅಂದ್ರು.”

ಅವನು ಮೇಲೆ ಹೋದ. ನಾನು ಡಬ್ಬಿಯಿಲ್ಲದೆ, ಹಗ್ಗವಿಲ್ಲದೆ ನೀರಿಗಿಳಿದೆ. ನೆಟ್ಟಗೆ ಹೋಗಿ ಆ ದಂಡೆ ಮುಟ್ಟಿ, ಹೊಳ್ಳಿ ಮೆಟ್ಟಿಲ ಕಡೆ ನೋಡಿದೆ. ಏನು ಹೇಳಿದರೂ ಕೇಳುತ್ತಿದ್ದೆ. ಹೇಳುವವರಿರಲಿಲ್ಲ.